ಯಾರದೋ ಹಸಿರು

ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ ತಟ್ಟೆಯ ಅಂಚಿನಲ್ಲಿ ಹತ್ತಿಯ ಎಳೆಯಷ್ಟು ಬಿಳಿ ಕಂಡಿತು. ಕಣ್ಣಿನದೇ ತಪ್ಪಿರಬೇಕೆಂದು ಅವಳು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿಕೊಂಡಳು. ಕನ್ನಡಕ ಶುಚಿಯಾಯಿತು, ಬಿಳಿ ಹಾಗೆಯೇ ಇತ್ತು. ಬೂಷ್ಟು. ಮರೆತಿಟ್ಟ ಬ್ರೆಡ್ಡಿನ ಮೇಲೆ, ಒದ್ದೆ ಚಪ್ಪಲಿಯ ಮೇಲೆ ಬರುವಂಥದ್ದೇ, ಯಾವ ವಿಶೇಷವೂ ಇಲ್ಲದ ಬೂಷ್ಟು. ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರೆ ಉದ್ದುದ್ದ ಎಳೆಗಳು ತಮ್ಮಪ್ಪನ ಮನೆಯ ಆಸ್ತಿಯೆಂಬಂತೆ ತಟ್ಟೆಯ ತುಂಬ ಹಬ್ಬಿದ್ದವು. ಅವುಗಳ ನಡುವೆ ಬುಗುರಿಯ ಕೋಶಗಳು ಮುದುಡಿ ಉಂಡೆಯಾಗಿ, ತಳದ ಹಿಡಿತ ಬಿಟ್ಟು ತೇಲುತ್ತಿದ್ದವು. ಸತ್ತ ಕೋಶ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದು ಗಂಟೆಗೆ ತಂಗಿ ಬರುವವಳಿದ್ದಳು, ಇವನ್ನೇ ನೋಡಲು. ಗೋಡೆಯ ಗಡಿಯಾರದಲ್ಲಿ ಇನ್ನೂ ಒಂಬತ್ತಾಗಿರಲಿಲ್ಲ.

ಬುಗುರಿ ತಂಗಿಯ ಮಗಳು. ಹೊಟ್ಟೆಯಲ್ಲಿದ್ದಾಗ ಒಂದೇ ಸಮನೆ ಸುತ್ತುತ್ತಿದ್ದಳೆಂದು ತಂಗಿಯೇ ಇಟ್ಟ ಹೆಸರು. ಹುಟ್ಟಿದ ಮೇಲೆ ಕತ್ತು ನಿಲ್ಲಲಿಲ್ಲ, ಮಗ್ಗುಲಾಗಲಿಲ್ಲ, ಆದರೂ ಹೆಸರನ್ನು ಯಾರೂ ಬದಲಾಯಿಸಲಿಲ್ಲ. ಏನು ಕಾಯಿಲೆಯೆಂದು ತಿಳಿಯಲು ಎಡಗೈಯಿಂದ ಎಳ್ಳುಕಾಳಿನಷ್ಟು ಚರ್ಮ ತೆಗೆದು ಆಸ್ಪತ್ರೆಯವರು ಕಳಿಸಿದ್ದು ಇದೇ ಲ್ಯಾಬಿಗೆ, ಆ ಬಗೆಯ ಪರೀಕ್ಷೆ ಮಾಡುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಕೋಶದೊಳಗೆ ಗಾಲ್ಜಿ ಎಂಬ ಸಣ್ಣದೊಂದು ಭಾಗವಿದೆ. ಅದರೊಳಗೆ ಪ್ರೋಟೀನುಗಳು ಹೇಗೆ ಸಾಗುತ್ತವೆಂದು ನೋಡುವುದೇ ಅವಳ ಇಷ್ಟು ವರ್ಷಗಳ ಕೆಲಸ. ಪರೀಕ್ಷೆ ಮುಗಿಯಿತು, ಮದ್ದಿಲ್ಲವೆಂದು ಗೊತ್ತಾಯಿತು, ನಾಲ್ಕು ವರ್ಷ ತುಂಬುವ ಮೊದಲೇ ಮಗು ಹೋಯಿತು. ಎಲ್ಲ ಮುಗಿಸಿಕೊಂಡು ಅವಳು ಲ್ಯಾಬಿಗೆ ಬಂದು ನೋಡಿದರೆ ತಟ್ಟೆಯೊಳಗೆ ಬುಗುರಿಯ ಕೋಶಗಳು ಗುಲಾಬಿ ಬಣ್ಣದ ಪೋಷಕ ನೀರಿನಲ್ಲಿ ಮೈಚಾಚಿ ಮಲಗಿದ್ದವು. ಕೆಲವು ಒಡೆದು ಎರಡಾಗುತ್ತಿದ್ದವು. ಅವಕ್ಕೆ ಸುದ್ದಿ ತಲುಪಿರಲಿಲ್ಲ. ಪರೀಕ್ಷೆ ಮುಗಿದ ತಟ್ಟೆಯನ್ನು ಎಸೆಯಬೇಕು; ಅವಳು ಎಸೆಯಲಿಲ್ಲ. ಒಂದಿಷ್ಟನ್ನು ಸಣ್ಣ ಸೀಸೆಗಳಲ್ಲಿ ಹಾಕಿ ಹೆಪ್ಪುಗಟ್ಟಿಸಿಟ್ಟಳು, ಒಂದಿಷ್ಟನ್ನು ಬೆಳೆಸಿದಳು. ಹಳೆಯ ನೀರು ತೆಗೆದು ಹೊಸ ನೀರು ಕೊಡುವುದಕ್ಕೆಂದು ರಜಾದಿನಗಳಲ್ಲೂ ಬಂದಳು. ಗೇಟಿನ ಕಾವಲುಗಾರ ಒಂದು ಭಾನುವಾರ, "ಏನ್ ಮೇಡಂ, ದಿನಾ ಬರ್ತೀರಲ್ಲ, ಮನೇಲಿ ಯಾರೂ ಬಯ್ಯಲ್ವಾ?" ಎಂದು ನಕ್ಕಿದ್ದ. ಬಯ್ಯುವವರಿದ್ದರೆ ಬರುತ್ತಿದ್ದೆನೇ ಎಂದು ಅವಳೂ ನಕ್ಕಿದ್ದಳು.

ಇದನ್ನೆಲ್ಲ ತಂಗಿಗೆ ಹೇಳುವ ಉದ್ದೇಶ ಅವಳಿಗೆ ಇರಲಿಲ್ಲ. ಮಗು ಹೋದಾಗಿನಿಂದ ತಂಗಿ ಮಾತು ಬಿಟ್ಟಿದ್ದಳು. ಜಗಳವಾಡಿ ಬಿಟ್ಟಿದ್ದಲ್ಲ, ಫೋನು ಮಾಡುವುದನ್ನು ನಿಲ್ಲಿಸಿದ್ದಳು, ಮಾಡಿದರೆ ಎತ್ತುತ್ತಿರಲಿಲ್ಲ, ಅಷ್ಟೆ. ಹೋದ ವಾರ ಇದ್ದಕ್ಕಿದ್ದಂತೆ ಅವಳದೇ ಫೋನು ಬಂತು. "ಅಮ್ಮನ ಹೊಲಿಗೆ ಮಿಷನ್ ನಿನಗೇನಾದ್ರೂ ಬೇಕಾ ಅಕ್ಕ? ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ. ಜಾಗ ಇಲ್ಲ." ಬೇಡವೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಬೇಕೆಂದರೆ ಯಾವಾಗ ತಗೊಂಡು ಹೋಗ್ತೀಯ ಎಂಬ ಇನ್ನೊಂದು ಮಾತಿಗೆ ಮುಗಿಯುತ್ತಿತ್ತು. ಫೋನು ಇಟ್ಟುಬಿಡುತ್ತಾಳೆಂಬ ಹೆದರಿಕೆಯಲ್ಲಿ ಬಾಯಿ ಜಾರಿತು. "ಬುಗುರಿ ಇನ್ನೂ ಇದ್ದಾಳೆ, ಗೊತ್ತಾ." ಹಾಗೆ ಹೇಳಬಾರದಿತ್ತು, ನಾಲಿಗೆ ಕಚ್ಚಿಕೊಂಡು, ಅಂದರೆ ಅವಳ ಕೋಶಗಳು, ಚರ್ಮದ್ದು, ಪರೀಕ್ಷೆಗೆ ತೆಗೆದಿದ್ದರಲ್ಲ ಅವು, ಎಂದು ತಡವರಿಸುತ್ತ ಹೇಳಿದಳು. ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ತಂಗಿ ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದು ಅವಳು ಕಾದಳು. "ನಾನು ನೋಡ್ಬೇಕು" ಎಂದಳು ತಂಗಿ. ಆ ರಾತ್ರಿ ಇವಳು ಎರಡು ಊಟದ ತಟ್ಟೆ ತೊಳೆದಿಟ್ಟಳು, ಊಟ ಮಾಡಿದ್ದು ಒಂದರಲ್ಲೇ ಆದರೂ.

ಬೂಷ್ಟು ಬಂದ ತಟ್ಟೆಯನ್ನು ತಕ್ಷಣ ಕೊಲ್ಲಬೇಕು, ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹಾರಿ ಇಡೀ ಇನ್‌ಕ್ಯುಬೇಟರ್ ಹಾಳಾಗುತ್ತದೆ. ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿಕೊಟ್ಟ ಕೈ ತಾನಾಗಿಯೇ ಬ್ಲೀಚಿನ ಬಾಟಲಿ ಎತ್ತಿತು, ಸುರಿಯಿತು. ಗುಲಾಬಿ ನೀರು ಹಳದಿಯಾಗಿ ಆಮೇಲೆ ಬಣ್ಣವೇ ಇಲ್ಲದಂತಾಯಿತು. ಸುರಿದ ಮೇಲೆ ನೆನಪಾಯಿತು, ಒಂದು ಮೂಲೆಯಲ್ಲಿ ನಾಲ್ಕಾರು ಕೋಶಗಳು ಇನ್ನೂ ತಳವನ್ನು ಕಚ್ಚಿಕೊಂಡಿದ್ದವು. ಅವನ್ನು ಉಳಿಸಲು ಆಗುತ್ತಿರಲಿಲ್ಲ ಎಂದು ಅವಳಿಗೆ ಗೊತ್ತು. ಗೊತ್ತಿದ್ದರೂ ಬ್ಲೀಚಿನ ಬಾಟಲಿಯನ್ನು ಕೆಳಗಿಡಲು ಜಾಗ ಹುಡುಕುತ್ತ ನಿಂತಳು. ಹೆಪ್ಪುಗಟ್ಟಿಸಿಟ್ಟಿದ್ದ ಸೀಸೆಗಳೂ ಮುಗಿದಿದ್ದವು. ಕೊನೆಯದನ್ನು ತೆಗೆದು ಬೆಳೆಸಿದ್ದೇ ಇದು. ಚರ್ಮದ ಕೋಶಗಳು ಇಷ್ಟು ಸಲ ಅಂತ ಒಡೆದು ಎರಡಾದ ಮೇಲೆ ಸುಸ್ತಾಗಿ ನಿಂತುಬಿಡುತ್ತವೆ, ಅಗಲವಾಗಿ ಚಪ್ಪಟೆಯಾಗಿ ಕೂತುಬಿಡುತ್ತವೆ. ಈಚೆಗೆ ಇವೂ ಹಾಗಾಗತೊಡಗಿದ್ದವು. ನಾಲ್ಕು ತುಂಬದ ಬುಗುರಿ ತಟ್ಟೆಯಲ್ಲಿ ಮುದುಕಿಯಾಗುತ್ತಿದ್ದಳು, ಅದನ್ನು ನೋಡುತ್ತಿದ್ದವಳು ದೊಡ್ಡಮ್ಮ ಒಬ್ಬಳೇ.

ತಪ್ಪು ಯಾರದೆಂದು ಹುಡುಕಬೇಕಾಗಿರಲಿಲ್ಲ. ಪೋಷಕ ನೀರಿಗೆ ಎಲ್ಲರೂ ಎರಡು ಔಷಧಿ ಬೆರೆಸುತ್ತಾರೆ, ಒಂದು ಬ್ಯಾಕ್ಟೀರಿಯಾಕ್ಕೆ, ಒಂದು ಬೂಷ್ಟಿಗೆ. ಈ ತಟ್ಟೆಗೆ ಅವಳು ಬೆರೆಸಿರಲಿಲ್ಲ. ಮರೆತದ್ದಲ್ಲ. ಕೊನೆಯ ತಿಂಗಳುಗಳಲ್ಲಿ ಬುಗುರಿಯ ಕೈಯಲ್ಲಿ ಸೂಜಿ ಚುಚ್ಚಲು ಜಾಗವಿಲ್ಲದೆ ನರ್ಸು ಪಾದದಲ್ಲಿ ಹುಡುಕುತ್ತಿದ್ದಳು. ಮಗು ಅಳುವುದನ್ನೂ ಬಿಟ್ಟು ಸೂರನ್ನು ನೋಡುತ್ತಿತ್ತು. ಕೊನೆಯ ಸೀಸೆಯನ್ನು ಕರಗಿಸಿದ ದಿನ ಔಷಧಿಯ ಬಾಟಲಿ ಕೈಯಲ್ಲಿದ್ದಾಗ ಅವಳು, ಖಾಲಿ ಕೋಣೆಯಲ್ಲಿ, ಗಟ್ಟಿಯಾಗಿಯೇ ಹೇಳಿದ್ದಳು: "ಸಾಕು ಮಗಳೇ, ನಿನಗೆ ಔಷಧಿ ಸಾಕು." ಹೇಳಿ ಬಾಟಲಿಯನ್ನು ವಾಪಸ್ಸಿಟ್ಟಿದ್ದಳು. ವಿದ್ಯಾರ್ಥಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಕಣ್ಣಲ್ಲಿ ನೀರು ಬರುವ ಹಾಗೆ ಬಯ್ದಿರುತ್ತಿದ್ದಳು. ಅದು ಸಾಲದೆಂಬಂತೆ ತಂಗಿಯ ಫೋನು ಬಂದ ಮೇಲೆ ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು, ಇದ್ದಾವೆಯೇ ಎಂದು ನೋಡಿದ್ದಳು. ಪ್ರತಿ ಸಲವೂ ಗಾಳಿ ಒಳಗೆ ಹೋಗಿತ್ತು. ಪ್ರೀತಿ ಎಂದು ಇದಕ್ಕೆ ಹೆಸರಿಡಬಹುದು. ದಡ್ಡತನ ಎಂದರೂ ತಪ್ಪಿಲ್ಲ.

ಪಕ್ಕದ ಕೋಣೆಯ ಮೀನಿನ ಡಾಕ್ಟರು ಬಾಗಿಲಲ್ಲಿ ಇಣುಕಿದರು. ಮೀನುಗಳ ಮೇಲೆ ಪ್ರಯೋಗ ಮಾಡುವ ಅವರನ್ನು ಎಲ್ಲರೂ ಕರೆಯುವುದೇ ಹಾಗೆ, ಅವರಿಗೂ ಅದರಲ್ಲಿ ಬೇಸರವಿಲ್ಲ. "ಏನ್ ಮೇಡಂ, ಬೆಳಿಗ್ಗೆ ಬೆಳಿಗ್ಗೇನೇ ಬ್ಲೀಚ್ ವಾಸನೆ. ಯಾರು ಹೋದ್ರು?" ತಟ್ಟೆ ಹಾಳಾದಾಗ ಲ್ಯಾಬಿನಲ್ಲಿ ಕೇಳುವ ಹಳೆಯ ತಮಾಷೆ ಅದು, ಅವಳೇ ಎಷ್ಟೋ ಸಲ ಎಷ್ಟೋ ಜನರನ್ನು ಹಾಗೆ ಕೇಳಿದ್ದಾಳೆ. "ಯಾರೂ ಇಲ್ಲ, ಸಿಂಕ್ ತೊಳೀತಿದ್ದೆ" ಎಂದಳು. ಅವರು ಸಿಂಕನ್ನು ನೋಡಿದರು, ಅವಳನ್ನು ನೋಡಿದರು, ಕಾಫಿ ಯಂತ್ರ ಮತ್ತೆ ಕೆಟ್ಟಿದೆ ಎಂದು ಹೇಳಿ ಹೋದರು. ಕರೆದು ಹೇಳಬಹುದಾಗಿತ್ತು. ಏನೆಂದು ಹೇಳುವುದು? ನನ್ನ ತಂಗಿಯ ಮಗಳು ಹೋದ ವರ್ಷ ಹೋಗಿದ್ದಳು, ಇವತ್ತು ಮತ್ತೆ ಹೋದಳು ಎಂದರೆ ಅವರು ಪಾಪ ಕುರ್ಚಿ ಎಳೆದು ಕೂರಿಸಿ ನೀರು ಕೊಡುತ್ತಿದ್ದರು, ಮಧ್ಯಾಹ್ನದೊಳಗೆ ಆ ಸುದ್ದಿ ಮೇಲಿನ ಮಹಡಿಯವರೆಗೂ ಹೋಗುತ್ತಿತ್ತು.

ಅದೇ ಬಿಸಿ ಇನ್‌ಕ್ಯುಬೇಟರಿನಲ್ಲಿ ಇನ್ನೊಂದು ತಟ್ಟೆಯಿತ್ತು. ಕಾಯಿಲೆಯ ಕೋಶವನ್ನು ನೋಡುವಾಗ ಆರೋಗ್ಯದ ಕೋಶವನ್ನೂ ಪಕ್ಕದಲ್ಲಿಟ್ಟು ಹೋಲಿಸುವುದು ಪದ್ಧತಿ. ತಂಗಿಗೆ ತೋರಿಸುವುದಷ್ಟೇ ಆಗಿದ್ದರೂ ಅಭ್ಯಾಸಬಲದಿಂದ ನಿನ್ನೆ ಸಂಜೆ ಎರಡರಲ್ಲೂ ಹಸಿರಾಗಿ ಹೊಳೆಯುವ ಪ್ರೋಟೀನು ಮೂಡುವಂತೆ ಮಾಡಿ, ಜೋಡಿಯಾಗಿಯೇ ಬಿಸಿಯಲ್ಲಿ ಇಟ್ಟಿದ್ದಳು. ಸಂಜೆಯ ಆತುರದಲ್ಲಿ ಬುಗುರಿಯ ತಟ್ಟೆಯ ಅಂಚನ್ನು ನೋಡಿರಲಿಲ್ಲ. ಎರಡನೆಯ ತಟ್ಟೆ ತಿಳಿಯಾಗಿತ್ತು, ಅದರ ನೀರಿನಲ್ಲಿ ಔಷಧಿಯಿತ್ತು. ಆ ಕೋಶಗಳಿಗೆ ಲ್ಯಾಬಿನಲ್ಲಿ ಪೈಲ್ವಾನ ಎಂದು ಹೆಸರು. ಯಾವುದೋ ದೇಶದ ಯಾವುದೋ ಗಂಡುಮಗುವಿನ ಚರ್ಮದಿಂದ ಬಂದದ್ದು, ಕೋಶ ಮಾರುವ ಕಂಪನಿಯವರಿಗೆ ಬರೆದರೆ ಕಳಿಸುತ್ತಾರೆ. ಆ ಮಗುವಿಗೆ ಈಗ ಮೀಸೆ ಬಂದು, ಹೊಟ್ಟೆಯೂ ಬಂದು, ತನ್ನ ಎಳೆಯ ಚರ್ಮ ಲೋಕದ ತುಂಬ ತಟ್ಟೆಗಳಲ್ಲಿ ಬೆಳೆಯುತ್ತಿರುವುದು ಗೊತ್ತೇ ಇಲ್ಲದೆ ಎಲ್ಲೋ ಬಸ್ಸಿಗೆ ಕಾಯುತ್ತಿರಬಹುದು. ಅವಳು ಪೈಲ್ವಾನನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ಸಿಟ್ಟಳು. ಸುಮ್ಮನೆ ನೋಡಿದ್ದು, ಇವತ್ತಿನ ಕೆಲಸಕ್ಕೆ ಹೇಗೂ ಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ತಂಗಿ ಬಂದ ಕೂಡಲೇ ನಿಜ ಹೇಳಿಬಿಡುವುದು ಎಂದೂ ಹೇಳಿಕೊಂಡಳು. ಆದರೆ ಆ ತಟ್ಟೆಯ ಮುಚ್ಚಳದ ಮೇಲಿದ್ದ ಹೆಸರಿನ ಪಟ್ಟಿ ಯಾವಾಗ ಉಗುರಿಗೆ ಸಿಕ್ಕಿ ಕಿತ್ತುಬಂತೋ ಅವಳಿಗೆ ತಿಳಿಯಲಿಲ್ಲ. ಅದನ್ನು ಉಂಡೆಮಾಡಿ ಜೇಬಿಗೆ ಹಾಕಿಕೊಂಡಳು.

ಕಾಯುವುದಕ್ಕೆ ಕುಳಿತಾಗ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಗಳು ನೆನಪಾದವು. ತಂಗಿಯ ಗಂಡ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಶಾಲೆಯ ಹುಡುಗನಂತೆ ಕೂತಿದ್ದ. "ಗಾಲ್ಜಿ ಅಂದ್ರೆ ಏನು ಅಕ್ಕಾವ್ರೆ? ಡಾಕ್ಟರು ನಿಮ್ಮನ್ನೇ ಕೇಳಿ ಅಂದ್ರು." ಅವಳು ತರಗತಿಯಲ್ಲಿ ಹೇಳುತ್ತಿದ್ದುದನ್ನೇ ಹೇಳಿದಳು: ಅಂಚೆ ಕಚೇರಿ ಅಂದುಕೊಳ್ಳಿ, ಪ್ರೋಟೀನು ಅಂದರೆ ಕಾಗದ, ಎಲ್ಲಿಗೆ ಹೋಗಬೇಕೆಂದು ಮುದ್ರೆ ಒತ್ತಿ ಕಳಿಸುತ್ತದೆ. ಅವನು ಬಹಳ ಹೊತ್ತು ಯೋಚಿಸಿ ಕೇಳಿದ. "ಹಾಗಾದ್ರೆ ನಮ್ಮ ಮಗು ಅಂಚೆಯವರ ತಪ್ಪಿಗೆ ಸಾಯುತ್ತಾ?" ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಆಮೇಲೆ ಅವಳು ಯಾವ ತರಗತಿಯಲ್ಲೂ ಅಂಚೆ ಕಚೇರಿಯ ಮಾತೆತ್ತಲಿಲ್ಲ. ಹೋಲಿಕೆಯೇ ತಪ್ಪು. ಅಂಚೆಯವರು ಕಾಗದವನ್ನು ತಿದ್ದುವುದಿಲ್ಲ; ಗಾಲ್ಜಿ ತಿದ್ದುತ್ತದೆ. ಒಂದರ ಮೇಲೊಂದು ಒಟ್ಟಿದ ಊಟದ ತಟ್ಟೆಗಳಂತೆ ಚಪ್ಪಟೆ ಕೋಣೆಗಳು. ಪ್ರೋಟೀನು ಒಂದು ಕಡೆಯಿಂದ ಬರುತ್ತದೆ, ಒಂದು ಕೋಣೆಯಲ್ಲಿ ಅದಕ್ಕಂಟಿದ ಸಕ್ಕರೆಯ ಒಂದು ಕಣವನ್ನು ಕತ್ತರಿಸಿ ತೆಗೆಯುತ್ತಾರೆ, ಇನ್ನೊಂದರಲ್ಲಿ ಬೇರೊಂದನ್ನು ಅಂಟಿಸುತ್ತಾರೆ, ಕೊನೆಗೆ ಅದು ಪೂರ್ತಿಯಾಗಿ ಆ ಕಡೆಯಿಂದ ಹೊರಗೆ ಹೋಗುತ್ತದೆ. ಕೋಣೆಗಳು ಇದ್ದಲ್ಲೇ ಇರುತ್ತವೆ, ಸರಕನ್ನು ಕೋಣೆಯಿಂದ ಕೋಣೆಗೆ ಹೊತ್ತು ಸಾಗಿಸುತ್ತಾರೆ ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. ಈಗ ಹೆಚ್ಚಿನವರು ಹೇಳುವುದು ಬೇರೆ: ಸರಕು ತಾನು ಕೂತಲ್ಲೇ ಕೂತಿರುತ್ತದೆ, ಕೋಣೆಯೇ ವಯಸ್ಸಾಗುತ್ತ ಮುಂದಕ್ಕೆ ಹೋಗುತ್ತದೆ. ಮೊದಲ ಕೋಣೆ ಎರಡನೆಯದಾಗುತ್ತದೆ, ಎರಡನೆಯದು ಮೂರನೆಯದು. ಹಿಂದೆ ಹೊಸ ಕೋಣೆ ಹುಟ್ಟುತ್ತದೆ. ಹಳೆಯ ಕೋಣೆಯ ಉಪಕರಣಗಳು ಮಾತ್ರ ಸಣ್ಣ ಸಣ್ಣ ಚೀಲಗಳಲ್ಲಿ ಹಿಂದಕ್ಕೆ ಬಂದು ಹೊಸ ಕೋಣೆಯನ್ನು ಸೇರುತ್ತವೆ.

ಅವಳ ಗುರುಗಳು ನಿವೃತ್ತಿಯ ದಿನ ಹೇಳಿದ್ದರು, "ಮುಂದಕ್ಕೆ ಹೋಗೋದನ್ನ ಎಲ್ಲರೂ ನೋಡ್ತಾರಮ್ಮ. ಹಿಂದಕ್ಕೆ ಬರಬೇಕಾದ್ದು ಬರ್ತಿದೆಯಾ ಅಂತ ನೀನು ನೋಡು." ಹಿಂದಕ್ಕೆ ಬರುವ ಆ ಚೀಲಗಳನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳಲು ಕೈಗಳಂಥ ಪ್ರೋಟೀನುಗಳ ಒಂದು ಗುಂಪು ಇದೆ. ಬುಗುರಿಯಲ್ಲಿ ಆ ಕೈಗಳಲ್ಲೊಂದು ಸೊಟ್ಟಗಾಗಿತ್ತು. ಚೀಲಗಳು ಬಾಗಿಲು ಸಿಗದೆ ಅಲೆಯುತ್ತಿದ್ದವು, ಉಪಕರಣಗಳಿಲ್ಲದ ಕೋಣೆಗಳಲ್ಲಿ ಪ್ರೋಟೀನುಗಳು ತಡವಾಗಿ, ಅರೆಬರೆಯಾಗಿ ಹೊರಗೆ ಬರುತ್ತಿದ್ದವು. ಇದನ್ನೆಲ್ಲ ಅವಳು ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಿದ್ದಳು. ಎಲ್ಲಿ, ಯಾವ ಕೈ, ಎಷ್ಟು ಸೊಟ್ಟ ಎಂದು ಬೆರಳಿಟ್ಟು ತೋರಿಸಬಲ್ಲವಳಾಗಿದ್ದಳು. ಮಗುವಿನ ಕತ್ತಿಗೆ ಅಂಗೈ ಕೊಟ್ಟು ಹಾಲು ಕುಡಿಸುವುದು ಮಾತ್ರ ಅವಳಿಗೆ ಬರಲಿಲ್ಲ. ಒಂದು ಮಧ್ಯಾಹ್ನ ತಂಗಿ ಸ್ನಾನಕ್ಕೆ ಹೋಗಿದ್ದಾಗ ಚಮಚ ಹಿಡಿದಳು, ಹಾಲು ನೆತ್ತಿಗೇರಿ ಬುಗುರಿಯ ಮುಖ ನೀಲಿಯಾಯಿತು. ಒದ್ದೆ ಕೂದಲಿನಲ್ಲೇ ಓಡಿಬಂದ ತಂಗಿ ಮಗುವನ್ನು ಕಿತ್ತುಕೊಂಡು ಬೆನ್ನು ತಟ್ಟಿದಳು. ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಇವಳು ಚಮಚ ಹಿಡಿದುಕೊಂಡು ನಿಂತಿದ್ದಳು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ.

ಅದಾದರೂ ಕ್ಷಮಿಸುವಂಥದ್ದು. ಮಗು ಹೋದ ದಿನ, ಮನೆ ತುಂಬ ಜನ, ತಂಗಿಯ ಅತ್ತೆ ಮೂಗೊರೆಸಿಕೊಳ್ಳುತ್ತ ಇಂಥ ಕಾಯಿಲೆಯನ್ನು ಎಲ್ಲೂ ಕೇಳಿಲ್ಲ ಎಂದರು. ಏನಾದರೂ ಹೇಳಬೇಕಿತ್ತು. ಎಲ್ಲರೂ ಏನೋ ಒಂದು ಹೇಳುತ್ತಿದ್ದರು. "ಬಹಳ ಅಪರೂಪದ್ದು. ಇಡೀ ಪ್ರಪಂಚದಲ್ಲಿ ಹುಡುಕಿದ್ರೂ ಕೆಲವೇ ಜನ ಸಿಗ್ತಾರೆ" ಎಂದಳು. ಧ್ವನಿ ಬೇರೆ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವರ ಬಗ್ಗೆ ಹೇಳುವ ಹಾಗೆ ಏರಿತ್ತು. ತಂಗಿ ತಲೆಯೆತ್ತಿ ನೋಡಿದಳು. ಅಷ್ಟೇ ಆದದ್ದು. ಆ ನೋಟವನ್ನು ಅವಳು ಮನೆಗೆ ತಂದುಕೊಂಡಳು, ಬಾಡಿಗೆ ಮನೆಯ ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಗೆ ಎದುರು ಮನೆಯವರ ಗೋಡೆ. ಅಲ್ಲಿ ಕೂತಲ್ಲೇ ಕೂತಿದ್ದಳು. ಮೇಲಿನ ಮನೆಗೆ ಹೊಸಬರು ಬಂದರು, ಅವರ ಕೂಸು ನೆಲದ ಮೇಲೆ ಏನನ್ನೋ ಉರುಳಿಸಿ ಆಡಲು ಕಲಿಯಿತು; ಗೋಡೆಯ ಸುಣ್ಣ ಉದುರಿತು. ಇವಳು ಎಲ್ಲಿಗೂ ಹೋಗದೆಯೇ ಮನೆ ಬೇರೆಯಾಯಿತು, ಇವಳಿಗೆ ವಯಸ್ಸಾಯಿತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ತನ್ನ ಧ್ವನಿ ಕೇಳಬೇಕೆನಿಸಿ ಕೆಲವು ಸಲ "ಬಂದೆ" ಎನ್ನುತ್ತಿದ್ದಳು. ಯಾರಿಗೆ ಎಂದು ಕೇಳಿದರೆ ನಾಚಿಕೆಯಾಗುತ್ತಿತ್ತು, ಕೇಳುವವರು ಇರಲಿಲ್ಲವಾದ್ದರಿಂದ ಅಷ್ಟೇನೂ ಆಗುತ್ತಿರಲಿಲ್ಲ.

ತಂಗಿ ಹೇಳಿದ ಹೊತ್ತಿಗಿಂತ ಮೊದಲೇ ಬಂದಳು. ಗೇಟಿನ ಬಳಿ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು, ಒಳಗೆ ಬಿಡುತ್ತಾರೋ ಇಲ್ಲವೋ ಎಂಬಂತೆ ನಿಂತಿದ್ದಳು. ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು, ತಲೆಯನ್ನು ನುಣ್ಣಗೆ ಬಾಚಿದ್ದಳು, ಕಿವಿಯ ಪಕ್ಕದಲ್ಲಿ ಬಿಳಿ ಕೂದಲು ಬಂದಿತ್ತು. ತನಗಿಂತ ಎಂಟು ವರ್ಷ ಚಿಕ್ಕವಳು. "ಇಳಿದುಹೋಗಿದ್ದೀಯ" ಎಂದಳು ಇವಳು. "ನೀನೂ" ಎಂದಳು ತಂಗಿ. ಮೆಟ್ಟಿಲು ಹತ್ತುವಾಗ ಇವಳ ಬಾಯಲ್ಲಿ ಮಾತು ಸಿದ್ಧವಾಗಿಯೇ ಇತ್ತು, ನೋಡು, ಇವತ್ತು ಬೆಳಿಗ್ಗೆ ಏನಾಯಿತೆಂದರೆ, ಎಂದು ಶುರುಮಾಡುವುದೊಂದೇ ಬಾಕಿ. ಲ್ಯಾಬಿನ ಬಾಗಿಲಲ್ಲಿ ತಂಗಿ ನಿಂತು, "ಕೈ ತೊಳ್ಕೋಬೇಕಾ?" ಎಂದು ಕೇಳಿದಳು. ಬೇಡ ಎನ್ನುವಷ್ಟರಲ್ಲಿ ಸಿಂಕಿನ ಬಳಿ ಹೋಗಿ, ಬಳೆಗಳನ್ನು ಮೇಲಕ್ಕೇರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯತೊಡಗಿದಳು. ಆಸ್ಪತ್ರೆಯಲ್ಲಿ ಮಗುವಿನ ಕೋಣೆಗೆ ಹೋಗುವ ಮೊದಲು ಹಾಗೆ ತೊಳೆಯಬೇಕಿತ್ತು. ಬೆರಳುಗಳ ಸಂದು, ಉಗುರು, ಹೆಬ್ಬೆರಳು, ಯಾವುದನ್ನೂ ಮರೆಯಲಿಲ್ಲ. ಬೆಳಿಗ್ಗೆ ಬ್ಲೀಚು ಸುರಿದ ಸಿಂಕು ಅದೇ. ತೊಳೆಯುತ್ತಲೇ ಹೇಳಿದಳು, "ನಿನ್ನೆ ನಿದ್ದೆ ಬಂತು ಅಕ್ಕ. ಮಾತ್ರೆ ಇಲ್ದೇನೇ. ಎದ್ದಾಗ ಬೆಳಗಾಗಿತ್ತು. ಇವರು ಹೆದರಿಕೊಂಡು ಮೂಗಿನ ಹತ್ರ ಕೈ ಇಟ್ಟು ನೋಡಿದ್ರಂತೆ." ಹೇಳಿ ನಕ್ಕಳು. ಕೈಯಿಂದ ನೀರು ಇಳಿಯುತ್ತಿತ್ತು. ಇವಳು ಒರೆಸಿಕೊಳ್ಳಲು ಕಾಗದ ಕೊಟ್ಟು, ಬಿಸಿ ಇನ್‌ಕ್ಯುಬೇಟರಿನಿಂದ ತಟ್ಟೆಯನ್ನು ತೆಗೆದುಕೊಂಡು, "ಬಾ" ಎಂದಳು.

ಮೈಕ್ರೋಸ್ಕೋಪಿನ ಕೋಣೆ ಚಿಕ್ಕದು, ಕಪ್ಪು ಪರದೆ, ಒಂದು ಗಾಲಿ ಕುರ್ಚಿ, ಒಂದು ಸ್ಟೂಲು. ಕುರ್ಚಿಯನ್ನು ತಂಗಿಗೆ ಕೊಟ್ಟಳು. ಕಂಪ್ಯೂಟರಿನ ತೆರೆಯ ಮೇಲೆ ಕತ್ತಲೆಯಲ್ಲಿ ಹಸಿರು ಬಲೆಯಂಥದ್ದು ಮೂಡಿದಾಗ ತಂಗಿ ಉಸಿರು ಬಿಗಿಹಿಡಿದದ್ದು ಕೇಳಿಸಿತು. "ಇದಾ?"

"ಹೂಂ."

"ಇದು ಅವಳ ಯಾವ ಭಾಗ?"

"ಕೈ. ಎಡಗೈ, ಮೊಣಕೈಗಿಂತ ಮೇಲೆ."

"ಗೊತ್ತು. ಪಟ್ಟಿ ಹಾಕಿದ್ರು ಅಲ್ಲಿ. ಪಟ್ಟಿ ಮೇಲೆ ಆನೆ ಚಿತ್ರ ಇತ್ತು, ಅದನ್ನ ಕೀಳೋಕೆ ಬಿಡ್ತಾನೇ ಇರ್ಲಿಲ್ಲ." ತಂಗಿ ಮುಂದಕ್ಕೆ ಬಾಗಿದಳು. "ಮುಟ್ಟಬಹುದಾ?"

ತೆರೆಯನ್ನು ತಾನೇ ಎಂದು ಇವಳು ತಲೆಯಾಡಿಸಿದಳು. ತಂಗಿ ಒಂದು ಬೆರಳಿನ ತುದಿಯಿಂದ ಗಾಜನ್ನು ಮುಟ್ಟಿ, ಅಲ್ಲಿಯೇ ಇಟ್ಟುಕೊಂಡಳು. ಆ ಬೆರಳಿನ ಕೆಳಗೆ ಎಲ್ಲೋ ಬಸ್ಸಿಗೆ ಕಾಯುತ್ತಿರುವ ಗಂಡಸಿನ ಎಳೆಯ ಚರ್ಮ ಹೊಳೆಯುತ್ತಿತ್ತು. ಇವಳು ಉಷ್ಣತೆಯನ್ನು ಇಳಿಸಿದಳು. ಹೊಳೆಯುವ ಈ ಪ್ರೋಟೀನು ಬಿಸಿಯಲ್ಲಿ ಇದ್ದಲ್ಲೇ ಸಿಕ್ಕಿಕೊಂಡಿರುತ್ತದೆ, ತಂಪು ಮಾಡಿದರೆ ಹೊರಡುತ್ತದೆ, ಎಂದು ಮೆಲುದನಿಯಲ್ಲಿ ವಿವರಿಸಿದಳು. ವಿವರಿಸುವಾಗ ಧ್ವನಿ ನಡುಗಲಿಲ್ಲ. ಇಷ್ಟು ವರ್ಷದ ಅಭ್ಯಾಸ ಒದಗಿಬಂತು. ಬಲೆ ಸಡಿಲವಾಯಿತು, ಹಸಿರೆಲ್ಲ ಸ್ವಲ್ಪಸ್ವಲ್ಪವಾಗಿ ಕೋಶದ ನಡುವಿಗೆ ಸೇರಿ ಗಟ್ಟಿ ಚುಕ್ಕೆಯಾಯಿತು. "ಅದೇ ಗಾಲ್ಜಿ." ತಂಗಿ ನೋಡುತ್ತಿದ್ದಳು. ಎಷ್ಟೋ ಹೊತ್ತಾಯಿತು. ಹೊರಗೆ ಯಾರೋ ನಗುತ್ತ ಹೋದರು. ಆಮೇಲೆ ಆ ಚುಕ್ಕೆಯಿಂದ ಸಣ್ಣ ಸಣ್ಣ ಹನಿಗಳು ಕಿತ್ತುಕೊಂಡು ಹೊರಟವು, ಒಂದು ಈ ಕಡೆ, ಎರಡು ಆ ಕಡೆ, ಅಂಚಿಗೆ ಹೋಗಿ ಫಕ್ಕನೆ ಬೆಳಗಿ ಹರಡಿಕೊಂಡವು. ಪೈಲ್ವಾನನ ಕೋಶಗಳು ತಮ್ಮ ಹೆಸರಿಗೆ ತಕ್ಕ ಹಾಗೆ ಕೆಲಸ ಮಾಡುತ್ತಿದ್ದವು. ಎಂದೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ.

"ಅಕ್ಕ."

"ಹೂಂ."

"ಎಲ್ಲಾ ಸರಿಯಾಗೇ ಹೋಗ್ತಿದೆಯಲ್ಲ. ನೀನು ಆವತ್ತು ಹೇಳಿದ್ದು ಬೇರೆ. ಹಿಂದಕ್ಕೆ ಬರೋದನ್ನ ಹಿಡ್ಕೊಳ್ಳೋ ಕೈ ಸೊಟ್ಟ, ಅದಕ್ಕೆ ಎಲ್ಲಾ ತಡ, ಬಂದ್ರೂ ಅರ್ಧಂಬರ್ಧ ಅಂದಿದ್ದೆ. ಇಲ್ಲಿ ಏನೂ ತಡ ಕಾಣ್ತಿಲ್ಲ." ತಂಗಿ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಮತ್ತೆ ಅವಳಿಗೆ ಏನಾಗಿತ್ತು?"

ಆಸ್ಪತ್ರೆಯಲ್ಲಿ ತಾನು ಹೇಳಿದ್ದನ್ನು ತಂಗಿ ಕೇಳಿಸಿಕೊಂಡೇ ಇಲ್ಲ ಎಂದು ಇವಳು ಇಷ್ಟು ದಿನ ನಂಬಿದ್ದಳು. ಒಂದು ಮಾತೂ ಬಿಡದೆ ಕೇಳಿಸಿಕೊಂಡಿದ್ದಳು. ಇದು ಬುಗುರಿಯದಲ್ಲ: ಅಷ್ಟು ಹೇಳಿದರೆ ಸಾಕಾಗಿತ್ತು, ತಂಗಿಯ ಪ್ರಶ್ನೆ ಅದಕ್ಕೆ ಬಾಗಿಲನ್ನೂ ತೆಗೆದಿಟ್ಟಿತ್ತು. ಚಿತ್ರದ ಹೊಳಪನ್ನು ಕೊಂಚ ಹೆಚ್ಚಿಸಿ ತೋರಿಸಿದನೆಂದು ಒಬ್ಬ ವಿದ್ಯಾರ್ಥಿಯನ್ನು ಲ್ಯಾಬಿನಿಂದಲೇ ಕಳಿಸಿದವಳು ತಾನು. ಹೇಳಲು ಬಾಯಿ ತೆರೆದಳು. ತೆರೆಯ ಹಸಿರು ಬೆಳಕು ತಂಗಿಯ ಕೆನ್ನೆಯ ಮೇಲೆ ಬಿದ್ದಿತ್ತು. ಆ ಮುಖ ಒಂದು ವರ್ಷದಿಂದ ಇವಳ ಕಣ್ಣೆದುರು ಬರುತ್ತಿದ್ದ ಮುಖವಾಗಿರಲಿಲ್ಲ, ಚಿಕ್ಕವಳಿದ್ದಾಗ ಜ್ವರ ಬಿಟ್ಟ ಬೆಳಿಗ್ಗೆ ಇರುತ್ತಿದ್ದ ಮುಖವಾಗಿತ್ತು.

"ಇಲ್ಲಿ ಅವಳಿಗೆ ಬೇಕಾದ್ದೆಲ್ಲಾ ನೀರಲ್ಲೇ ಕೊಡ್ತೀವಿ" ಎಂದಳು. "ಅದಕ್ಕೆ ಇಲ್ಲಿ ತಡ ಆಗಲ್ಲ."

"ಅಂದ್ರೆ ಇಲ್ಲಿ ಹುಷಾರಾಗಿದ್ದಾಳೆ."

"ಹೂಂ. ಇಲ್ಲಿ ಹುಷಾರಾಗಿದ್ದಾಳೆ."

"ನೋವು?"

"ಕೋಶಗಳಿಗೆ ನೋವಾಗಲ್ಲ ಕಣೆ." ಇದೊಂದು ನಿಜವಾಗಿತ್ತು, ಆದ್ದರಿಂದ ಇನ್ನೊಮ್ಮೆ ಹೇಳಿದಳು. "ಸ್ವಲ್ಪಾನೂ ಆಗಲ್ಲ."

ತಂಗಿ ಕುರ್ಚಿಗೆ ಒರಗಿದಳು. ಅವಳ ಹೆಗಲು ಕೆಳಗಿಳಿದದ್ದು ಕತ್ತಲಲ್ಲೂ ಕಂಡಿತು. "ಮುಂದಿನ ವಾರ ಇವರನ್ನೂ ಕರ್ಕೊಂಡು ಬರ್ತೀನಿ" ಎಂದಳು. "ಅವರು ಅವಳ ಹೆಸರೇ ಎತ್ತಲ್ಲ. ಅವಳ ಮಂಚಾನ ನನಗೆ ಹೇಳ್ದೇನೇ ಯಾರಿಗೋ ಕೊಟ್ಬಿಟ್ರು. ಬಂದು ನೋಡಲಿ. ಎಷ್ಟು ದಿನ ಇರ್ತಾಳೆ ಹೀಗೆ?"

"ಎಷ್ಟು ದಿನ ಬೇಕಾದ್ರೂ." ಬರೆದಾಗಲೆಲ್ಲ ಕಂಪನಿಯವರು ಪೈಲ್ವಾನನನ್ನು ಕಳಿಸುತ್ತಾರೆ, ಎಂದಿಗೂ ಮುಗಿಯುವುದಿಲ್ಲ. ಬುಗುರಿ ಇನ್ನು ಮುಂದೆ ಮುದುಕಿಯಾಗುವುದೂ ಇಲ್ಲ.

"ನೀನೊಬ್ಬಳೇ ಇಷ್ಟು ದಿನ ನೋಡ್ಕೊಂಡೆ. ನಾನು ನಿನ್ನ ಮೇಲೆ ಏನೇನೋ ಅಂದ್ಕೊಂಡಿದ್ದೆ ಅಕ್ಕ. ಅವಳಂದ್ರೆ ನಿನಗೆ ಬರೀ ಕಾಯಿಲೆ ಅಂತ." ತಂಗಿಯ ಕೈ ಕತ್ತಲಲ್ಲಿ ತಡಕಾಡಿ ಇವಳ ಮಣಿಕಟ್ಟನ್ನು ಹಿಡಿಯಿತು. ಸೋಪಿನ ವಾಸನೆ, ಇನ್ನೂ ತಣ್ಣಗಿದ್ದ ಬೆರಳು. ವರ್ಷದಿಂದ ಯಾರೂ ಇವಳನ್ನು ಮುಟ್ಟಿರಲಿಲ್ಲ. ಬುಗುರಿ ಇವತ್ತು ಬೆಳಿಗ್ಗೆ ಹೋದಳು, ನನ್ನ ಕೈಯಿಂದಲೇ ಹೋದಳು, ಎಂದು ಹೇಳಿಕೊಂಡು ಅಳಲು ಇವಳಿಗೆ ಈ ಲೋಕದಲ್ಲಿ ಇದ್ದವಳು ಒಬ್ಬಳೇ, ಮತ್ತು ಅವಳು ಪಕ್ಕದಲ್ಲೇ ಕೂತಿದ್ದಳು, ಕೈ ಹಿಡಿದುಕೊಂಡಿದ್ದಳು. ಇನ್ನು ಅವಳಿಗೆ ಹೇಳುವ ಹಾಗಿರಲಿಲ್ಲ. ಮುಂದಿನ ವಾರವೂ, ಅದರ ಮುಂದಿನ ವಾರವೂ. ಅಳು ಎಲ್ಲಿಂದ ಬಂತೋ, ಮೊದಲು ಮೂಗಿನಲ್ಲಿ, ಆಮೇಲೆ ಭುಜಗಳಲ್ಲಿ, ತಡೆಯಲು ನೋಡಿದಷ್ಟೂ ಸದ್ದಾಗಿ ಹೊರಗೆ ಬಂತು. ಸ್ಟೂಲಿನ ಮೇಲೆ ಮುದುಡಿ ಕೂತಳು. ತಂಗಿ ಎದ್ದು, ಇವಳ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಲೆಯನ್ನು ಎದೆಗೆ ಒತ್ತಿಕೊಂಡಳು. ಕತ್ತಿಗೆ ಸರಿಯಾಗಿ ಅಂಗೈ ಕೊಟ್ಟಿದ್ದಳು.

"ಅಳಬೇಡ ಅಕ್ಕ" ಎಂದಳು. "ಚೆನ್ನಾಗಿದ್ದಾಳಲ್ಲ."

ಹೂಂ, ಎಂದಳು ಇವಳು.